ದೊಡ್ಡಾಕಿ ಯಾರೆಂದು ಬರೆಯುವ ಜಾಗ

ನಮ್ಮ ನಮೂನೆಯ ಮೊದಲ ಪುಟದಲ್ಲಿ ನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ಅವಳಿಗಳಲ್ಲಿ ಪ್ರಥಮ ಜನಿತ ಶಿಶು ಯಾವುದು?’ ಹಾವೇರಿಯ ಮೊದಲ ಮನೆಯಲ್ಲಿ ನಾನು ಇದನ್ನು ಇದ್ದಂತೆಯೇ ಓದಿದೆ. ಮಕ್ಕಳ ತಾಯಿ ನನ್ನ ಮುಖ ನೋಡಿ, ಕೈಯಲ್ಲಿದ್ದ ಕಾಗದ ನೋಡಿ, ‘ಒಳಗ ನಮ್ಮ ಅತ್ತಿ ಅದಾರ, ಕರೀತೀನ್ರಿ’ ಎಂದು ಎದ್ದು ಹೋದಳು. ಎರಡನೆಯ ಮನೆಯಿಂದ ನಾನು ಪ್ರಶ್ನೆಯನ್ನು ನಮ್ಮ ಮಾತಿಗೆ ಇಳಿಸಿಕೊಂಡೆ: ‘ಇಬ್ಬರೊಳಗ ದೊಡ್ಡಾಂವ ಯಾರ್ರಿ?’ ಎಲ್ಲರೂ ತಡಮಾಡದೆ ಬೊಟ್ಟು ಮಾಡಿ ತೋರಿಸಿದರು. ದೊಡ್ಡವರಿಗೆ ‘ಅ’, ಸಣ್ಣವರಿಗೆ ‘ಬ’ ಎಂದು ಬರೆದುಕೊಂಡೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಐದು ತಿಂಗಳು ಹಾಗೆಯೇ ಬರೆಯುತ್ತ ಹೋದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಮಕ್ಕಳ ಬುದ್ಧಿ, ಹಟ, ಅಂಜಿಕೆ, ಗಮನ ಇವುಗಳಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬೆಳೆದ ರೀತಿಯಿಂದ ಬಂದದ್ದೆಷ್ಟು ಎಂದು ನೋಡುವ ಒಂದು ಅಧ್ಯಯನಕ್ಕೆ ನಾನು ಪರೀಕ್ಷಕಿಯಾಗಿ ಸೇರಿದ್ದೆ. ಅದಕ್ಕೆ ಅವಳಿ ಮಕ್ಕಳು ಬೇಕು. ಒಂದೇ ಅಂಡ ಒಡೆದು ಇಬ್ಬರಾದ ತದ್ರೂಪಿಗಳು ಒಂದು ಬಗೆ, ಎರಡು ಅಂಡಗಳಿಂದ ಒಟ್ಟಿಗೆ ಹುಟ್ಟಿದವರು ಇನ್ನೊಂದು ಬಗೆ. ಎರಡೂ ಬಗೆಯ ಜೋಡಿಗಳನ್ನು ಅಳೆದು, ಯಾವ ಬಗೆಯವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂದು ನೋಡಿದರೆ ಲೆಕ್ಕ ಸಿಗುತ್ತದೆ. ಲೆಕ್ಕ ಮಾಡುವವರು ಧಾರವಾಡದಲ್ಲಿದ್ದ ನಮ್ಮ ಮಾರ್ಗದರ್ಶಕರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳಲ್ಲಿ ಎಂಟರಿಂದ ಹದಿಮೂರು ವರ್ಷದೊಳಗಿನ ಅವಳಿಗಳನ್ನು ಹುಡುಕಿ, ಮನೆಯವರನ್ನು ಒಪ್ಪಿಸಿ, ಪರೀಕ್ಷೆ ಮಾಡಿ ತರುವುದು ನನ್ನ ಕೆಲಸ. ಯಾರು ಮೊದಲು ಹುಟ್ಟಿದರೆನ್ನುವುದೂ ಮುಖ್ಯವಾಗಿತ್ತು. ಹೆರಿಗೆಯಲ್ಲಿ ಎರಡನೆಯದಾಗಿ ಬರುವ ಕೂಸಿಗೆ ತ್ರಾಸು ಹೆಚ್ಚು, ಅದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಹುಡುಕುವುದು ಸಲೀಸು ಎಂದುಕೊಂಡಿದ್ದೆ. ಶಾಲೆಯ ದಾಖಲಾತಿ ಪುಸ್ತಕ ತೆರೆಯುವುದು, ತಂದೆಯ ಹೆಸರೂ ಹುಟ್ಟಿದ ದಿನವೂ ಒಂದೇ ಇದ್ದ ಮಕ್ಕಳನ್ನು ಆರಿಸುವುದು. ಮೊದಲ ಶಾಲೆಯಲ್ಲೇ ಒಂದು ಗಂಟೆಯಲ್ಲಿ ಹನ್ನೊಂದು ಜೋಡಿ ಸಿಕ್ಕವು. ಇಂಥ ಫಲವತ್ತಾದ ಊರು ಬೇರೆಲ್ಲೂ ಇಲ್ಲವೆಂದು ಹಿಗ್ಗಿದೆ. ಎರಡನೆಯ ಗಂಟೆಯಲ್ಲಿ ಗೊತ್ತಾಯಿತು, ಅರ್ಧ ಊರಿನ ಮಕ್ಕಳು ಜೂನ್ ಒಂದರಂದು ಹುಟ್ಟಿದ್ದರು.

‘ಸಾಲಿಗೆ ಹಚ್ಚಾಕ ಬಂದಾಗ ಹುಟ್ಟಿದ ತಾರೀಖು ಯಾರಿಗೆ ನೆಪ್ಪಿರತೈತ್ರಿ?’ ಎಂದರು ಮುಖ್ಯೋಪಾಧ್ಯಾಯರು. ‘ಜೂನ್ ಒಂದು ಅಂತ ಬರದ್ರ ವಯಸ್ಸಿನ ಲೆಕ್ಕ ಸರಿ ಕುಂದರತೈತಿ.’

ಆ ಹನ್ನೊಂದರಲ್ಲಿ ಒಂದೂ ಅವಳಿಯಲ್ಲ, ಎಲ್ಲ ಒಂದೇ ವರ್ಷ ಶಾಲೆಗೆ ಸೇರಿಸಿದ ಅಣ್ಣತಮ್ಮಂದಿರು. ಅದೇ ಶಾಲೆಯಲ್ಲಿ ನಿಜವಾದ ಅವಳಿ ಹುಡುಗರು ಇದ್ದರು, ಅವರ ತಾರೀಖುಗಳ ನಡುವೆ ಹನ್ನೊಂದು ತಿಂಗಳ ಅಂತರವಿತ್ತು. ಯಾಕೆಂದು ಕೇಳಿದೆ. ‘ಇಬ್ಬರಿಗೂ ಒಂದ ತಾರೀಖು ಬರದ್ರ ತಪಾಸಣಿಗೆ ಬಂದ ಸಾಹೇಬ್ರು ತಪ್ಪಾಗೇತಿ ಅಂತಾರ್ರಿ’ ಎಂದರು. ನಾನು ಪುಸ್ತಕ ಮುಚ್ಚಿದೆ.

ನನ್ನನ್ನು ಕಾಪಾಡಿದವರು ಹಾವೇರಿಯ ಒಬ್ಬ ಮುದುಕಿ ಸೂಲಗಿತ್ತಿ. ಊರೆಲ್ಲ ಅವರನ್ನು ನಾನೀಮಾ ಎನ್ನುತ್ತಿತ್ತು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಓದು ಬರಹ ಇಲ್ಲ. ಆದರೆ ಮೂವತ್ತು ವರ್ಷಗಳಲ್ಲಿ ತಮ್ಮ ಕೈಯಲ್ಲಿ ಹುಟ್ಟಿದ ಅವಳಿಗಳ ಮನೆಗಳನ್ನು ಓಣಿ ಓಣಿಯಾಗಿ ಹೇಳಬಲ್ಲವರಾಗಿದ್ದರು. ಬ್ಯಾಡಗಿ, ರಾಣೆಬೆನ್ನೂರಿಗೆ ಮದುವೆಯಾಗಿ ಹೋದ ಹಾವೇರಿಯ ಹುಡುಗಿಯರು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುತ್ತಿದ್ದರಲ್ಲ, ಅವರ ಗಂಡನ ಮನೆಗಳೂ ಗೊತ್ತಿದ್ದವು. ‘ನಾನೀಮಾ ಕಳಿಸಿದಾರ’ ಎಂದರೆ ಬಾಗಿಲು ತೆರೆಯುತ್ತಿತ್ತು. ಅದಕ್ಕೂ ಮುಂಚೆ ಹೆಂಗಸೊಬ್ಬಳು ಚೀಲ ಹಿಡಿದು ಮಕ್ಕಳೆಷ್ಟು ಎಂದು ಕೇಳಿದರೆ ಕುಟುಂಬ ಯೋಜನೆಯ ಆಪರೇಷನ್ ಮಾಡಿಸಲು ಬಂದವಳೆಂದೇ ತಿಳಿದು ಗಂಡಸರು ಹಿತ್ತಲಿನಿಂದ ಪಾರಾಗುತ್ತಿದ್ದರು.

ಪರೀಕ್ಷೆಯ ಪೆಟ್ಟಿಗೆಯಲ್ಲಿ ಕೆಂಪು ಬಿಳಿ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸ್ಟಾಪ್‌ವಾಚ್, ತದ್ರೂಪಿಗಳೇ ಎಂದು ನೋಡಲು ಬೆರಳಚ್ಚು ತೆಗೆಯುವ ಮಸಿ ಪ್ಯಾಡು ಇರುತ್ತಿದ್ದವು. ಕಾರ್ಡಿನಲ್ಲಿದ್ದ ಚಿತ್ತಾರದಂತೆ ತುಂಡುಗಳನ್ನು ಜೋಡಿಸಬೇಕು, ನಾನು ಸೆಕೆಂಡು ಎಣಿಸಬೇಕು. ಆಮೇಲೆ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ‘ದಾರಿಯಲ್ಲಿ ಯಾರದೋ ಚೀಲ ಸಿಕ್ಕರೆ ಏನು ಮಾಡುತ್ತೀ’ ಎಂಬಂಥ ಪ್ರಶ್ನೆಗಳು. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಬೇಕೆಂಬುದು ನಿಯಮ. ಕಾಗಿನೆಲೆಯಲ್ಲಿ ಒಬ್ಬ ಹುಡುಗನ ಪರೀಕ್ಷೆ ಮುಗಿಸಿ ಹೊರಗೆ ಕಳಿಸಿ, ಅವನ ಜೋಡಿಯನ್ನು ಒಳಗೆ ಕರೆದೆ. ಇವನ ಉತ್ತರಗಳು ಅಕ್ಷರಕ್ಕಕ್ಷರ ಅವನವೇ. ತಪ್ಪುಗಳೂ ಅವೇ. ತದ್ರೂಪಿ ಅವಳಿಗಳ ಮನಸ್ಸು ಹೀಗೂ ಹೊಂದುತ್ತದೆಯೇ ಎಂದು ನನ್ನ ಮೈಯೆಲ್ಲ ಜುಮ್ಮೆಂದಿತು. ಕೊನೆಯ ಪ್ರಶ್ನೆ ಕೇಳುವ ಮೊದಲೇ ಅವನು ಉತ್ತರ ಹೇಳಿಬಿಟ್ಟಾಗ ಜುಮ್ಮು ಇಳಿಯಿತು. ಮೊದಲನೆಯವನು ಕಿಟಕಿಯ ಹೊರಗೆ ನಿಂತು ತಮ್ಮನಿಗೆ ಎಲ್ಲವನ್ನೂ ಕಲಿಸಿ ಕಳಿಸಿದ್ದ. ಅಂದಿನಿಂದ ಮೊದಲು ಮುಗಿಸಿದ ಮಗುವಿಗೆ ಕಬ್ಬಿನ ತುಂಡು ಕೊಟ್ಟು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂರಿಸುತ್ತಿದ್ದೆ.

ಬ್ಯಾಡಗಿಯಲ್ಲಿ ಬೇರೆ ತೊಡಕು. ನಾನು ಹೋದದ್ದು ಮೆಣಸಿನಕಾಯಿ ಬರುವ ಕಾಲಕ್ಕೆ. ಮನೆಮನೆಯ ಅಂಗಳದಲ್ಲಿ ಹೆಂಗಸರು ಕೂತು ತೊಟ್ಟು ಬಿಡಿಸುತ್ತಿದ್ದರು. ಊರಿನ ಮಕ್ಕಳಿಗೆ ಘಾಟು ಏನೂ ಅಲ್ಲ, ಸೀನುತ್ತಿದ್ದವಳು ನಾನು. ಸ್ಟಾಪ್‌ವಾಚ್ ಹಿಡಿದ ಕೈ ಸೀನಿದಾಗೆಲ್ಲ ಗುಂಡಿ ಒತ್ತಿಬಿಡುತ್ತಿತ್ತು. ಎರಡು ಜೋಡಿಗಳ ಪರೀಕ್ಷೆ ಹೀಗೆ ಕೆಟ್ಟು, ವಾರ ಬಿಟ್ಟು ಬೇರೆ ಕಾರ್ಡುಗಳಿಂದ ಮತ್ತೆ ಮಾಡಿದೆ. ಬೆರಳಚ್ಚಿಗೆ ಎಲ್ಲ ಕಡೆ ವಿರೋಧ. ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಗೊತ್ತಿಲ್ಲದ ಮನೆಯೇ ಇರಲಿಲ್ಲ. ಕಡೆಗೆ ಮೊದಲು ನನ್ನ ಹತ್ತೂ ಬೆರಳು ಒತ್ತಿ, ಆ ಹಾಳೆಯನ್ನು ಮನೆಯವರ ಕೈಗೆ ಕೊಟ್ಟು, ಆಮೇಲೆ ಮಕ್ಕಳದನ್ನು ಕೇಳುತ್ತಿದ್ದೆ. ಆ ವರ್ಷ ನನ್ನ ಬೆರಳುಗಳ ಮಸಿ ಹೋಗಲೇ ಇಲ್ಲ. ನನ್ನ ಹೊಲ ಬರೆಸಿಕೊಳ್ಳಬಯಸುವವರಿಗೆ ಮೂರು ತಾಲೂಕುಗಳಲ್ಲಿ ಕಾಗದ ಸಿದ್ಧವಿತ್ತು. ಹೊಲ ಇರಲಿಲ್ಲ, ಅಷ್ಟೇ.

ಫೆಬ್ರವರಿಯಲ್ಲಿ ರಾಣೆಬೆನ್ನೂರಿಗೆ ಬಂದೆ. ನಾನೀಮಾ ಹೇಳಿದ್ದ ಮನೆ ಊರ ಕೊನೆಯಲ್ಲಿ, ರೈಲು ಹಳಿಯ ಆಚೆಗಿತ್ತು. ತಂದೆ ಒಂದು ಬೀಜದ ಕಂಪನಿಯ ಹೊಲಗಳನ್ನು ನೋಡಿಕೊಳ್ಳುತ್ತಿದ್ದ. ತಾಯಿ ಅದೇ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಹಚ್ಚುವ ಕೆಲಸ ಅದು. ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಅಜ್ಜಿ, ಮೂರು ವರ್ಷದ ಗಂಡು ಮಗು, ಹನ್ನೆರಡು ತುಂಬಿದ ಅವಳಿ ಹೆಣ್ಣುಮಕ್ಕಳು. ಹೆಸರುಗಳು ಶಾಲೆಯ ಪುಸ್ತಕದಲ್ಲಿದ್ದವು, ಮನೆಯಲ್ಲಿ ಯಾರೂ ಬಳಸುತ್ತಿರಲಿಲ್ಲ. ಒಬ್ಬಳು ದೊಡ್ಡಾಕಿ, ಒಬ್ಬಳು ಸಣ್ಣಾಕಿ. ದೊಡ್ಡಾಕಿಯ ಎಡಹುಬ್ಬಿನ ಮೇಲೆ ಗಾಯದ ಗೆರೆ ಇತ್ತು. ಅದಿಲ್ಲದಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ.

ಅಧ್ಯಯನ ಏನೆಂದು ನಾನು ಅಷ್ಟೊತ್ತಿಗೆ ಐವತ್ತು ಸಲ ವಿವರಿಸಿದ್ದೆ. ಒಂದೇ ಮಾತಿಗೆ ತಿಳಿದುಕೊಂಡವನು ಈ ತಂದೆ ಮಾತ್ರ.

‘ಅಂದ್ರ ನಮ್ಮ ಟ್ರಯಲ್ ಪ್ಲಾಟ್ ಇದ್ದಂಗ’ ಎಂದ. ‘ಒಂದ ಪಾಕೀಟಿನ ಬೀಜಾ ಎರಡ ಹೊಲದಾಗ ಹಾಕಿ ನೋಡತೀರಿ.’

‘ನಾವು ಹಾಕೂದಿಲ್ರಿ’ ಎಂದೆ. ‘ಹಾಕಿದ್ದನ್ನ ನೋಡತೀವಿ, ಅಷ್ಟ.’

ಹುಡುಗಿಯರು ನನ್ನನ್ನು ‘ಅಕ್ಕೋರ’ ಎಂದರು, ಶಾಲೆಯ ಶಿಕ್ಷಕಿಯನ್ನು ಕರೆದಂತೆ. ಇಬ್ಬರೂ ಏಳನೆಯ ತರಗತಿ, ಮಾರ್ಚಿನಲ್ಲಿ ಏಳನೆಯದರ ಪಬ್ಲಿಕ್ ಪರೀಕ್ಷೆ, ಮುಲ್ಕಿ. ಮರದ ತುಂಡು ಜೋಡಿಸುವಾಗ ದೊಡ್ಡಾಕಿ ಜಡೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಅರ್ಧ ಗಂಟೆಯ ಮೇಲೆ ಒಳಗೆ ಬಂದ ಸಣ್ಣಾಕಿ ಅದೇ ಕಾರ್ಡಿನ ಹತ್ತಿರ ಬಂದಾಗ ತನ್ನ ಜಡೆ ಕಚ್ಚಿದಳು. ಇಬ್ಬರೂ ಕೊನೆಯ ಚಿತ್ತಾರವನ್ನು ಮುಗಿಸಿದರು. ಅದನ್ನು ಮುಗಿಸಿದ ಮಕ್ಕಳು ಅಲ್ಲಿಯವರೆಗೆ ನನಗೆ ಬೆರಳೆಣಿಕೆಯಷ್ಟೇ ಸಿಕ್ಕಿದ್ದರು. ಬೆರಳಚ್ಚಿನ ಗೆರೆಗಳ ಎಣಿಕೆ ಹತ್ತಿರಹತ್ತಿರವಿತ್ತು, ದವಾಖಾನೆಯಲ್ಲಿ ಮಾಡಿಸಿದ ರಕ್ತದ ಗುಂಪೂ ಹೊಂದಿತು. ತದ್ರೂಪಿಗಳು, ಅನುಮಾನವಿಲ್ಲ.

ನಮೂನೆಯ ಕೊನೆಯ ಪುಟದಲ್ಲಿ ಮುಂದಿನ ಓದಿನ ಬಗ್ಗೆ ಕೇಳಬೇಕು. ತಾಯಿ ಹೇಳಿದಳು, ‘ದೊಡ್ಡಾಕಿ ಮನೀಗೆ, ಸಣ್ಣಾಕಿ ಸಾಲಿಗೆ ಅಂತ ಮಾಡೇವ್ರಿ. ನಮ್ಮತ್ತಿಗೆ ಕಣ್ಣ ಕಾಣೂದಿಲ್ಲ, ಸಣ್ಣ ಕೂಸೈತಿ, ನಾ ಕ್ರಾಸಿಂಗಿಗೆ ಹೋದ್ರ ಮನ್ಯಾಗ ಒಬ್ಬರು ಬೇಕ. ದೊಡ್ಡಾಕಿಗೆ ಹೆಂಗೂ ಮೊದಲ ಲಗ್ನಾ ಮಾಡಬೇಕು. ಮನಿಗೆಲಸಾ ಕಲೀಲಿ.’

ದೊಡ್ಡಾಕಿ ಅಲ್ಲೇ ಕೂತು ತಮ್ಮನಿಗೆ ಅನ್ನ ಉಣಿಸುತ್ತಿದ್ದಳು. ನಾನು ಬರೆಯುವುದನ್ನು ನೋಡುತ್ತಿದ್ದಳು. ನಾನು ತಾಯಿ ಹೇಳಿದ್ದನ್ನು ಹೇಳಿದಂತೆ ಬರೆದೆ.

ಮಾರ್ಗದರ್ಶಕರಿಗೆ ಈ ಜೋಡಿಯ ವಿಷಯ ತಿಳಿಸಿದೆ. ವಾರದಲ್ಲಿ ಇನ್‌ಲ್ಯಾಂಡ್ ಪತ್ರ ಬಂತು. ಸಾಮಾನ್ಯವಾಗಿ ಎರಡು ಸಾಲು ಬರೆಯುವವರು ಪುಟ ತುಂಬಿಸಿದ್ದರು. ತದ್ರೂಪಿ ಅವಳಿಗಳು, ಒಂದೇ ಮನೆ, ಒಂದೇ ಬುದ್ಧಿ. ಒಬ್ಬಳು ಶಾಲೆಗೆ ಹೋಗುತ್ತಾಳೆ, ಒಬ್ಬಳು ಹೋಗುವುದಿಲ್ಲ. ಇಂಥದು ಹುಡುಕಿದರೂ ಸಿಗುವುದಿಲ್ಲ, ಎರಡು ವರ್ಷ ಬಿಟ್ಟು ಇಬ್ಬರನ್ನೂ ಮತ್ತೆ ಅಳೆಯೋಣ, ಅಲ್ಲಿಯವರೆಗೆ ಯಾವ ಕಾರಣಕ್ಕೂ ನಡುವೆ ಕೈ ಹಾಕಬೇಡಿ ಎಂದಿದ್ದರು. ನನಗೂ ಖುಷಿಯಾಯಿತು. ಇಲ್ಲವೆಂದು ಈಗ ಸುಳ್ಳು ಹೇಳುವುದಿಲ್ಲ. ನನ್ನ ಪಟ್ಟಿಯಲ್ಲಿ ಆ ಜೋಡಿಯ ಮುಂದೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕಿ ಇಟ್ಟೆ.

ಮಾರ್ಚ್ ಕಡೆಗೆ ಕೆಲಸ ಮುಗಿಯುತ್ತ ಬಂದಿತ್ತು. ಧನ್ಯವಾದ ಹೇಳಲು ನಾನೀಮಾ ಮನೆಗೆ ಹೋದೆ. ಅವರು ಚಹಾ ಕೊಟ್ಟು, ಒಂದೊಂದೇ ಮನೆಯ ಮಕ್ಕಳು ಹೇಗಿದ್ದಾರೆಂದು ಕೇಳಿದರು. ಹಾವೇರಿಯ ಇಬ್ಬರು ಹುಡುಗರ ಮಾತು ಬಂದಾಗ ನಾನು, ‘ದೊಡ್ಡಾಂವ ಮೊದಲ ಹುಟ್ಟಿದ್ರೂ ಸಣ್ಣಾಂವನ ಗಟ್ಟಿ ಅದಾನ್ರಿ’ ಎಂದೆ.

‘ದೊಡ್ಡಾಂವ ಮೊದಲ ಹುಟ್ಟಿದ ಅಂತ ಯಾರ ಹೇಳಿದ್ರು?’ ಎಂದರು. ‘ಪಹಿಲೆ ನನ್ನ ಕೈಗೆ ಬಂದಾಂವ ಆ ಸಣ್ಣಾಂವ.’

‘ಅವರವ್ವನ ಹೇಳಿದ್ಲಲ್ರಿ, ಇಂವ ದೊಡ್ಡಾಂವ ಅಂತ.’

‘ಖರೇ ಹೇಳ್ಯಾಳ. ಅವರ ಮನ್ಯಾಗ ಹಿಂದ ಬಂದಾಂವನ ದೊಡ್ಡಾಂವ. ತುಂಬಿದ ಬಸ್ಸಿನ್ಯಾಗ ಮೊದಲ ಹತ್ತಿದವರು ಒಳಗ ಹೋಗಿ ಕುಂದರತಾರ, ಇಳಿಯೂ ಮುಂದ ಅವರ ಕಡೀಗೆ. ಬಾಗಲದಾಗ ನಿಂತಾಂವ ಮೊದಲ ಇಳೀತಾನ. ಹಂಗಂತ ಅಂವ ಮೊದಲ ಹತ್ತಿದ್ದನೇನು?’

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ. ‘ಎಲ್ಲಾರ ಮನ್ಯಾಗೂ ಹಿಂಗ ಏನ್ರಿ?’

‘ಎಲ್ಲಾರ ಮನ್ಯಾಗ ಯಾಕ? ನಮ್ಮಂದ್ಯಾಗ ಮೊದಲ ಬಂದಾಂವನ ಬಡಾ. ಈ ಓಣ್ಯಾಗ ಹಿಂಗ, ಆ ಓಣ್ಯಾಗ ಹಂಗ. ಕೇಳಬೇಕಿತ್ತು ನೀ.’

ಕೇಳಬೇಕಿತ್ತು. ನಾನು ಇದೇ ಊರಿನಲ್ಲಿ ಬೆಳೆದವಳು. ಅಚ್ಚಾಗಿದ್ದ ಪ್ರಶ್ನೆ ಒರಟಾಗಿದ್ದರೂ ಸರಿಯಾಗಿತ್ತು, ನಾನು ಅದನ್ನು ಚೆಂದ ಮಾಡಿ ಕೆಡಿಸಿದ್ದೆ. ಈಗ ನನ್ನ ಹಾಳೆಗಳಲ್ಲಿ ಯಾವ ‘ಅ’ ನಿಜವಾದ ‘ಅ’, ಯಾವುದು ‘ಬ’ ಎಂದು ಹೇಳುವಂತಿರಲಿಲ್ಲ. ಧಾರವಾಡಕ್ಕೆ ಹೋಗಿ ಮಾರ್ಗದರ್ಶಕರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

‘ಅನುಮಾನ ಇದ್ದದ್ದನ್ನೆಲ್ಲಾ ಒಗದರ ಉಳಿಯೂದೇನು?’ ಎಂದರು.

‘ಒಗಿಯೂದು ಬ್ಯಾಡ್ರಿ ಸರ್. ಎಲ್ಲಾ ಮನೀಗೂ ಮತ್ತ ಹೋಗ್ತೀನಿ.’

‘ಹೋಗ್ರಿ. ಆದ್ರ ಅದೊಂದ ಪ್ರಶ್ನೆ ಕೇಳ್ರಿ, ಮತ್ತೇನೂ ಮಾತಾಡಬ್ಯಾಡ್ರಿ.’

ಏಪ್ರಿಲ್, ಮೇ ಬಿಸಿಲಿನಲ್ಲಿ ಮತ್ತೆ ಅದೇ ಬಸ್ಸುಗಳು, ಅದೇ ಕಟ್ಟೆಗಳು. ‘ಹೆರಿಗಿ ಆದಾಗ ಮೊದಲ ಹೊರಗ ಬಂದ ಕೂಸು ಯಾವುದ್ರಿ?’ ಹೀಗೆ ಬಿಡಿಸಿ ಕೇಳಿದಾಗ ಗಂಡಸರು ಎದ್ದು ಹೊರಗೆ ಹೋಗುತ್ತಿದ್ದರು, ಹೆಂಗಸರು ನಕ್ಕು ಹೇಳುತ್ತಿದ್ದರು. ಬಹಳ ಹಾಳೆಗಳಲ್ಲಿ ಕೆಂಪು ಗೆರೆ ಎಳೆದು ‘ಅ’ ಇದ್ದಲ್ಲಿ ‘ಬ’ ಬರೆದೆ. ಬ್ಯಾಡಗಿಯ ಒಂದು ಮನೆಯಲ್ಲಿ ಅವಳಿ ಹುಡುಗರಲ್ಲಿ ಒಬ್ಬನನ್ನು ಶಾಲೆ ಬಿಡಿಸಿ ಮೆಣಸಿನಕಾಯಿ ಅಂಗಡಿಗೆ ಹಾಕಿದ್ದರು. ಹೇಳಿದಂತೆ ಒಂದೇ ಪ್ರಶ್ನೆ ಕೇಳಿ ಎದ್ದು ಬಂದೆ.

ರಾಣೆಬೆನ್ನೂರಿನ ಮನೆಗೆ ಹೋದಾಗ ಮೇ ಮಧ್ಯಾಹ್ನ. ಹುಡುಗಿಯರಿಬ್ಬರೂ ಮುಲ್ಕಿ ಪಾಸಾಗಿದ್ದರು. ಅಜ್ಜಿ ಹೊರಸಿನ ಮೇಲೆ ಕೂತಿದ್ದಳು, ಮಕ್ಕಳು ಮೂಲೆಯಲ್ಲಿ ಶೇಂಗಾ ಒಡೆಯುತ್ತಿದ್ದರು. ಅವರನ್ನು ಹೊರಗೆ ಕಳಿಸಿ ಕೇಳಬೇಕಿತ್ತು. ಆ ದಿನದ ನಾಲ್ಕನೆಯ ಮನೆ ಅದು, ನನಗೆ ದಣಿವಾಗಿತ್ತು, ಬೇಗ ಮುಗಿಸಿ ಏಳುವ ಆತುರ. ಕೇಳಿಬಿಟ್ಟೆ.

‘ಸಣ್ಣಾಕಿ ಮೊದಲ ಬಂದ್ಲು’ ಎಂದಳು ತಾಯಿ. ‘ದೊಡ್ಡಾಕಿ ಹಿಂದ.’

ನಾನು ಕೆಂಪು ಪೆನ್ನು ತೆಗೆದು ಗೆರೆ ಎಳೆದೆ. ಮೂಲೆಯಲ್ಲಿ ಶೇಂಗಾ ಒಡೆಯುವ ಸದ್ದು ನಿಂತಿತು. ದೊಡ್ಡಾಕಿ ಎದ್ದು ಬಂದು ನನ್ನ ಹಾಳೆಯನ್ನು ನೋಡಿದಳು.

‘ಹಂಗಾರ ನಾ ಸಣ್ಣಾಕಿ ಏನ್ರಿ, ಅಕ್ಕೋರ?’

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ತಾಯಿಯ ಕಡೆ ತಿರುಗಿದಳು. ‘ಅಕ್ಕೋರ ಕಾಗದದಾಗ ನಾ ಎರಡನೇದಾಕಿ. ನಾ ಸಣ್ಣಾಕಿ ಆದ್ರ ಸಾಲಿಗೆ ಹೋಗಾಕಿ ನಾ. ಆಕಿ ಮನ್ಯಾಗಿರ್ಲಿ.’

ಸಣ್ಣಾಕಿ ಶೇಂಗಾದ ಬುಟ್ಟಿಯನ್ನು ತಳ್ಳಿ ಎದ್ದಳು. ‘ಫೀ ತುಂಬೇತಿ ನಂದು’ ಎಂದಳು. ಆಮೇಲೆ ಇಬ್ಬರೂ ಒಬ್ಬರ ಜಡೆ ಒಬ್ಬರು ಹಿಡಿದರು. ಅಲ್ಲಿಯವರೆಗೆ ನಾನು ಅವರನ್ನು ನೋಡಿದ್ದು ಮೈಗೆ ಮೈ ತಾಗಿಸಿ ಕೂತದ್ದನ್ನೇ. ತಾಯಿ ಬಿಡಿಸಿದಳು. ಅಜ್ಜಿ ಹೊರಸಿನ ಮೇಲಿಂದಲೇ, ಮೊದಲು ಬಸುರಿಗೆ ಬಂದವಳೇ ದೊಡ್ಡಾಕಿ, ಒಳಗಿದ್ದವಳು ಹಿಂದಿನಿಂದ ಬರುತ್ತಾಳೆ, ಇದರಲ್ಲಿ ಕೇಳುವುದೇನಿದೆ ಎಂದು ಕೂಗಿದಳು. ಅಷ್ಟರಲ್ಲಿ ತಂದೆ ಊಟಕ್ಕೆ ಬಂದ. ವಿಷಯ ಕೇಳಿ, ಕೈಕಾಲು ತೊಳೆದು ಬಂದು ನನ್ನ ಎದುರಿಗೆ ಕೂತ.

‘ದೊಡ್ಡಾಕಿ ಸಣ್ಣಾಕಿ ಜಗಳಾನ ಬ್ಯಾಡ’ ಎಂದ. ‘ನೀವು ಪರೀಕ್ಷಾ ಮಾಡೀರಲ್ರಿ. ಯಾರು ಜಾಣರು ಹೇಳ್ರಿ. ಆಕೀನ ಕಳಸತೀನಿ. ನಮ್ಮ ಪ್ಲಾಟಿನ್ಯಾಗೂ ಹಂಗ ಮಾಡತೀವಿ, ಯಾವುದು ಚಲೋ ಬರತೈತಿ ಅದನ್ನ ಇಟ್ಕೋತೀವಿ.’

ಹುಡುಗಿಯರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಒಬ್ಬಳ ಅಂಕ ಇನ್ನೊಬ್ಬಳದಕ್ಕಿಂತ ತುಸು ಹೆಚ್ಚು ಎಂದು ನನಗೆ ಗೊತ್ತಿತ್ತು. ಆ ತುಸು ಎಷ್ಟೆಂದರೆ, ಒಂದು ಸೀನು ಬಂದರೆ ಅದಲುಬದಲಾಗುವಷ್ಟು.

‘ಅದನ್ನ ಹೇಳೂ ಹಂಗಿಲ್ರಿ’ ಎಂದೆ.

‘ಹೇಳೂ ಹಂಗಿಲ್ಲಂದ್ರ ಬಂದದ್ದ್ಯಾಕ?’ ಎಂದಳು ಅಜ್ಜಿ. ‘ತಣ್ಣಗಿದ್ದ ಮನ್ಯಾಗ ಹುಡುಗ್ಯಾರಿಗೆ ಜಗಳಾ ಹಚ್ಚಾಕ?’

ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಹಳಿ ದಾಟುವಾಗ ಹಿಂದೆ ನೋಡಿದರೆ ಸಣ್ಣಾಕಿ ಕಟ್ಟೆಯ ಮೇಲೆ, ದೊಡ್ಡಾಕಿ ಹಿತ್ತಿಲ ಬೇಲಿಯ ಹತ್ತಿರ, ಬೆನ್ನು ಮಾಡಿ ಕೂತಿದ್ದರು. ನನಗೆ ನಾಚಿಕೆಯಾಯಿತು. ನಾವು ಹಾಕುವುದಿಲ್ಲ, ನೋಡುತ್ತೇವೆ ಅಷ್ಟೇ ಎಂದವಳು ನಾನೇ. ನೋಡಲು ಬಂದವಳು ಬೇರಿಗೇ ಕೈ ಹಾಕಿದ್ದೆ. ಮೊದಲಾದರೆ ದೊಡ್ಡಾಕಿ ಮನೆಯಲ್ಲಿರುವುದು ಆ ಮನೆಯ ರೂಢಿ. ಇನ್ನು ಮುಂದೆ ಇಬ್ಬರಲ್ಲಿ ಯಾರು ಮನೆಯಲ್ಲಿ ಉಳಿದರೂ ಅದರಲ್ಲಿ ನನ್ನ ಕೆಂಪು ಗೆರೆ ಇರುತ್ತಿತ್ತು.

ನಾಲ್ಕು ದಿನ ಹಾವೇರಿಯ ಕೋಣೆಯಲ್ಲಿ ಹಾಳೆಗಳನ್ನು ಜೋಡಿಸುತ್ತ ಕೂತೆ. ಮಾರ್ಗದರ್ಶಕರ ಪತ್ರವನ್ನು ತೆಗೆದು ಓದಿದೆ. ‘ಯಾವ ಕಾರಣಕ್ಕೂ’ ಎನ್ನುವ ಪದಗಳ ಕೆಳಗೆ ಅವರು ಗೆರೆ ಎಳೆದಿದ್ದರು. ಆ ಜೋಡಿಯನ್ನು ಹಾಗೇ ಬಿಟ್ಟರೆ ಎರಡು ವರ್ಷದ ನಂತರ ನಾನೇ ಹೋಗಿ ಮನೆಯಲ್ಲುಳಿದವಳ ಮುಂದೆ ಮರದ ತುಂಡುಗಳನ್ನು ಇಟ್ಟು, ಅವಳು ಎಷ್ಟು ಹಿಂದೆ ಬಿದ್ದಿದ್ದಾಳೆಂದು ಸೆಕೆಂಡು ಎಣಿಸಬೇಕು. ಐದನೆಯ ದಿನ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಆ ಮನೆಯ ತೊಂದರೆ ಏನು? ಇಡೀ ದಿನ ಒಬ್ಬರು ಅಜ್ಜಿ ಮತ್ತು ಕೂಸಿನ ಹತ್ತಿರ ಇರಬೇಕು. ಇಂಥವಳೇ ಇರಬೇಕೆಂದೇನೂ ಇಲ್ಲ. ದಾಖಲಾತಿ ಪುಸ್ತಕ ನೋಡಲು ಊರಿನ ಶಾಲೆಗಳನ್ನೆಲ್ಲ ಸುತ್ತಿದ್ದರಿಂದ, ಒಂದು ಹೈಸ್ಕೂಲಿನಲ್ಲಿ ಕೋಣೆಗಳು ಸಾಲದೆ ಎಂಟನೆಯ ತರಗತಿಯನ್ನು ಎರಡು ಪಾಳಿಯಲ್ಲಿ ನಡೆಸುತ್ತಾರೆಂದು ನನಗೆ ಗೊತ್ತಿತ್ತು. ಒಂದು ತಂಡ ಮುಂಜಾನೆಯಿಂದ ಮಧ್ಯಾಹ್ನದವರೆಗೆ, ಇನ್ನೊಂದು ಮಧ್ಯಾಹ್ನದಿಂದ ಸಂಜೆಯವರೆಗೆ. ಸಣ್ಣಾಕಿಯ ಹೆಸರು ಹಚ್ಚಿದ್ದು ಅಲ್ಲಿಯೇ. ಅಲ್ಲಿನ ಮುಖ್ಯೋಪಾಧ್ಯಾಯರನ್ನು ಕಂಡು, ಅಕ್ಕತಂಗಿಯರಿಬ್ಬರನ್ನೂ ತೆಗೆದುಕೊಂಡು ಬೇರೆ ಬೇರೆ ಪಾಳಿಗೆ ಹಾಕಲು ಸಾಧ್ಯವೇ ಎಂದೆ.

‘ಅವಳಿ-ಜವಳಿ ಅಂದ್ರ ಒಂದ ಬೆಂಚಿನ ಮ್ಯಾಲೆ ಕುಂದರಸ್ರಿ ಅಂತ ಬರತಾರ. ನೀವು ಅಗಲಸ್ರಿ ಅಂತೀರಲ್ರಿ?’ ಎಂದರು. ಕಾರಣ ಹೇಳಿದೆ. ಅವರು ಮುಲ್ಕಿ ಶಾಲೆಯಿಂದ ಬಂದ ಕಾಗದ ನೋಡಿ, ‘ಜೂನ್ ಒಂದು’ ಎಂದು ತಮ್ಮಷ್ಟಕ್ಕೆ ನಕ್ಕು, ‘ತಂದೀನ ಕರಕೊಂಡು ಬರ್ರಿ’ ಎಂದರು.

ತಂದೆಯನ್ನು ಹೊಲದಲ್ಲೇ ಹಿಡಿದೆ. ಅವನು ಕೇಳಿಸಿಕೊಂಡು ಒಂದೇ ಮಾತು ಕೇಳಿದ. ‘ಇಬ್ಬರನ್ನೂ ಸಾಲಿಗೆ ಹಾಕಿದ್ರ ನಿಮ್ಮ ಟ್ರಯಲ್ ಏನಾಗತೈತ್ರಿ?’

‘ಕೆಡತೈತ್ರಿ’ ಎಂದೆ.

‘ಅವ್ವ ಒಪ್ಪಬೇಕ್ರಿ’ ಎಂದ.

ಅಜ್ಜಿಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಮುಂಜಾನೆ ಒಬ್ಬಳು, ಮಧ್ಯಾಹ್ನ ಒಬ್ಬಳು, ಮನೆ ಖಾಲಿ ಬೀಳುವುದಿಲ್ಲ, ಹೊರಸಿನ ಹತ್ತಿರ ಸದಾ ಒಬ್ಬ ಮೊಮ್ಮಗಳು ಇರುತ್ತಾಳೆ ಎಂದು ಹೇಳಿದೆ. ಅಜ್ಜಿ ಎರಡು ಸಲ ಕೇಳಿ ತಿಳಿದುಕೊಂಡಳು.

‘ಒಬ್ಬಾಕಿ ಇದ್ರ ಸಾಕು’ ಎಂದಳು. ‘ಯಾವಾಕಿ ಇದ್ರೇನು, ನನಗ ಕಣ್ಣ ಕಾಣೂದಿಲ್ಲ, ದನೀನೂ ಒಂದ ಐತಿ.’ ದೊಡ್ಡಾಕಿ ಯಾರೆಂದು ಆ ಮನೆಯಲ್ಲಿ ಬೇರೆ ಎಲ್ಲರಿಗಿಂತ ಖಚಿತವಾಗಿ ಹೇಳಿದ್ದವಳು ಇವಳೇ. ನಗು ತಡೆದುಕೊಂಡೆ. ಮುಂಜಾನೆಯ ಪಾಳಿ ಯಾರಿಗೆಂದು ತಂದೆ ಕೇಳಿದಾಗ ದೊಡ್ಡಾಕಿ, ‘ಒಲೀ ಹಚ್ಚಾಕ ಹೆಂಗೂ ನಾನ ಮೊದಲ ಏಳ್ತೀನಿ, ನನಗ ಇರ್ಲಿ’ ಎಂದಳು. ಸಣ್ಣಾಕಿ ಗೋಡೆಗೆ ಒರಗಿ ನಿಂತಿದ್ದಳು. ‘ಪುಸ್ತಕಾ ನಾ ಬರೂತನಕಾ ಹರೀಬ್ಯಾಡ’ ಎಂದಳು. ಐದು ದಿನಗಳಲ್ಲಿ ಅಕ್ಕನ ಜೊತೆ ಅವಳು ಆಡಿದ ಮೊದಲ ಮಾತು ಅದು ಎಂದು ತಾಯಿ ಆಮೇಲೆ ಹೇಳಿದಳು.

ಜೂನ್ ಮೊದಲ ವಾರ ಧಾರವಾಡಕ್ಕೆ ಹೋಗಿ ಹಾಳೆಗಳನ್ನು ಒಪ್ಪಿಸಿದೆ. ರಾಣೆಬೆನ್ನೂರಿನ ಜೋಡಿಯದನ್ನು ಬೇರೆ ತೆಗೆದು ಮೇಜಿನ ಮೇಲಿಟ್ಟೆ. ಮಾರ್ಗದರ್ಶಕರು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

‘ನೀವು ಒಂದ ಹುಡುಗೀಗೆ ಸಾಲಿ ಕೊಡಿಸಿದ್ರಿ’ ಎಂದರು. ‘ಒಂದ ಬುದ್ಧಿಯ ಇಬ್ಬರೊಳಗ ಸಾಲಿ ಬಿಟ್ಟಾಕಿ ಎಷ್ಟು ಕಳಕೊಂಡ್ಲು ಅಂತ ನಾವು ತೋರಿಸಿದ್ದರ, ಅದು ಎಷ್ಟು ಹುಡುಗ್ಯಾರಿಗೆ ಉಪಯೋಗ ಆಗತಿತ್ತು, ವಿಚಾರ ಮಾಡೀರೇನು?’

ವಿಚಾರ ಮಾಡಿದ್ದೆ. ಉತ್ತರ ಸಿಕ್ಕಿರಲಿಲ್ಲ. ಈಗಲೂ ಪೂರ್ತಿಯಾಗಿ ಸಿಕ್ಕಿಲ್ಲ. ಬ್ಯಾಡಗಿಯ ಆ ಮೆಣಸಿನಕಾಯಿ ಅಂಗಡಿಯ ಹುಡುಗನ ವಿಷಯದಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಅವರು ಕೇಳಿದ್ದರೆ ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವನು ನನ್ನನ್ನು ಏನೂ ಕೇಳಿರಲಿಲ್ಲ, ಇವಳು ಕೇಳಿದ್ದಳು. ಅಷ್ಟೇ ವ್ಯತ್ಯಾಸ, ಅದು ದೊಡ್ಡ ವ್ಯತ್ಯಾಸವೆಂದು ನಾನು ವಾದಿಸಲಾರೆ.

ಅವರು ಕೈಬಿಟ್ಟ ಜೋಡಿಗಳ ಪುಸ್ತಕ ತೆಗೆದು ನನ್ನ ಮುಂದೆ ತಳ್ಳಿದರು. ಅದರಲ್ಲಿ ‘ಊರು ಬಿಟ್ಟರು’, ‘ಒಪ್ಪಿಗೆ ಹಿಂದಕ್ಕೆ ಪಡೆದರು’, ‘ಕಾಯಿಲೆ’ ಎಂಬ ಕಾರಣಗಳಿದ್ದವು. ಅವುಗಳ ಕೆಳಗೆ ನನ್ನ ಕೈಯಾರೆ ಬರೆದೆ: ‘ಪರೀಕ್ಷಕಿಯ ಹಸ್ತಕ್ಷೇಪ’. ಅವರು ಅದರ ಪಕ್ಕ ಸಹಿ ಮಾಡಿದರು. ಅಧ್ಯಯನದ ಎರಡನೆಯ ಹಂತಕ್ಕೆ ನನ್ನನ್ನು ಕರೆಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕರೆಯುತ್ತಿರಲಿಲ್ಲ.

ಜುಲೈಯಲ್ಲಿ ಬೇರೆ ಕೆಲಸಕ್ಕೆ ಅರ್ಜಿ ಕೊಡಲು ರಾಣೆಬೆನ್ನೂರಿಗೆ ಹೋದಾಗ ಮಧ್ಯಾಹ್ನದ ಹೊತ್ತಿಗೆ ರೈಲ್ವೆ ಗೇಟಿನ ಹತ್ತಿರ ನಿಂತೆ. ಊರ ಕಡೆಯಿಂದ ಒಬ್ಬ ಹುಡುಗಿ ಬಂದಳು, ಹಳಿಯ ಆಚೆಯಿಂದ ಒಬ್ಬಳು. ಗೇಟಿನ ಪಕ್ಕದ ಕಲ್ಲಿನ ಮೇಲೆ ಚೀಲ ಇಳಿಯಿತು, ಚೀಲ ಏರಿತು. ಇಬ್ಬರ ನಡುವೆ ಇದ್ದದ್ದು ಒಂದೇ ಜೊತೆ ಪುಸ್ತಕ. ‘ಗಣಿತಾ ಇವತ್ತ ಎರಡನೇ ಪಾಠಾ ಮುಗಿಸಿದ್ರು, ನೋಡ್ಕೊ’ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು, ‘ಕೂಸು ಮಲಗೇತಿ, ಎಬ್ಬಸಬ್ಯಾಡ’ ಎಂದು ಊರ ಕಡೆ ನಡೆದಳು. ಬಿಸಿಲಿಗೆ ಇಬ್ಬರೂ ತಲೆಯ ಮೇಲೆ ಓಢಣಿ ಎಳೆದುಕೊಂಡಿದ್ದರಿಂದ ಹುಬ್ಬಿನ ಗೆರೆ ಕಾಣಿಸಲಿಲ್ಲ.

ಮನೆಯ ಕಡೆ ಹೊರಟವಳು ನನ್ನನ್ನು ಕಂಡು ನಿಂತಳು. ‘ಅಕ್ಕೋರ, ನಮ್ಮಿಬ್ಬರೊಳಗ ದೊಡ್ಡಾಕಿ ಯಾರಂತ ಬರದ್ರಿ ಕಡೀಗೆ?’

‘ಬರೀಲಿಲ್ಲವ್ವಾ. ನಿಮ್ಮ ಹಾಳೀನ ತಗದಬಿಟ್ವಿ.’

‘ಚಲೋ ಆತು ಬಿಡ್ರಿ. ಮನ್ಯಾಗೂ ಈಗ ದೊಡ್ಡಾಕಿ ಸಣ್ಣಾಕಿ ಅನ್ನೂದಿಲ್ಲ. ಮುಂಜಾನಿಯಾಕಿ, ಮಧ್ಯಾಹ್ನದಾಕಿ ಅಂತಾರ.’

ದೂರದಲ್ಲಿ ಗಾಡಿಯ ಕೂಗು ಕೇಳಿತು, ಗೇಟಿನವನು ಚಕ್ರ ತಿರುಗಿಸತೊಡಗಿದ. ‘ನಮ್ಮಜ್ಜಿ ಕಾಯಾಕತ್ತಿರತಾಳ್ರಿ’ ಎಂದು ಹೇಳಿ, ಗೇಟು ಬೀಳುವುದರೊಳಗೆ ಅವಳು ಹಳಿ ದಾಟಿ ಓಡಿದಳು.